ಅತ್ತೆಯ ಹಸೆಹಾಡಿಗೆ ಬೀಗ

ಕೇಳ್ರಮ್ಮ ಎಲ್ಲರೂ. ಇವತ್ತು ಭದ್ರಾವತಿ ನ್ಯೂ ಟೌನ್‌ನಲ್ಲಿ ನಾದಿನಿ ಮಗಳ ಮದುವೆ. ತೀರಿಹೋದ ನಮ್ಮತ್ತೆ ಹಾಡುತ್ತಿದ್ದ ಹಸೆಹಾಡಿನ ಕೊನೆಯ ನುಡಿ ಯಾರಿಗೂ ನೆನಪಾಗಲಿಲ್ಲ. ಹಿಂದೆ ಅತ್ತೆಯಿಂದ ಅದನ್ನು ಬರೆದುಕೊಂಡು ಹೋಗಿದ್ದ ಶಿವಮೊಗ್ಗದ ಕಾಲೇಜು ಮೇಷ್ಟರಿಗೆ ಫೋನ್ ಮಾಡಿದೆ.

"ಅದು ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಿದೆ ಅಮ್ಮ. ಕಾಪಿರೈಟ್ ಪತ್ರಿಕೆಯವರಿಗೆ ಬರೆದುಕೊಟ್ಟಿದ್ದೀನಿ. ನಾನೂ ಹಂಚೋ ಹಾಗಿಲ್ಲ."

"ಎಲ್ಲರೂ ಓದೋ ಹಾಗೆ ಬಿಡಬಹುದಿತ್ತಲ್ಲ ಮಾರಾಯ್ರೇ?"

"ಹಾಗೆ ಬಿಡೋಕೆ ಪತ್ರಿಕೆಯವರಿಗೆ ನಾನೇ ದುಡ್ಡು ಕಟ್ಟಬೇಕಿತ್ತು."

"ನಾಲ್ಕು ಸಾಲು ಬಾಯಲ್ಲಾದರೂ ಹೇಳಿ. ಹುಡುಗಿ ಹಸೆ ಮೇಲೆ ಕೂತಿದ್ದಾಳೆ."

"ಯಾರಾದ್ರೂ ವಿಡಿಯೋ ಹಾಕಿದ್ರೆ ನನ್ನ ತಲೆಗೆ ಬರುತ್ತೆ ಅಮ್ಮ."

ಅರ್ಧ ಹಾಡಿಗೇ ಆರತಿ ಎತ್ತಿದ್ವಿ.

ತಪ್ಪು ನಮ್ಮತ್ತೆಯದೇ ಬಿಡಿ. ದೇವರ ಹಾಡು ಹತ್ತು ಜನರ ಬಾಯಲ್ಲಿ ಉಳೀಲಿ ಅಂತ, ಒಂದು ರುಜುನೂ ಹಾಕಿಸಿಕೊಳ್ಳದೆ, ಹಾಡೂ ಕೊಟ್ಟು ಊಟಾನೂ ಹಾಕಿ ಕಳಿಸಿದ್ರು.