ನಾಗಮ್ಮನ ಅಂಗಡಿಯ ಕೊಸರು

ಸುಳ್ಳು ಹೇಳಬೇಡಿ ಎಂದು ಮಕ್ಕಳಿಗೆ ದಿನವೂ ಪಾಠ ಮಾಡುತ್ತಿದ್ದ ನಾನು ಮನೆಯಲ್ಲಿ ಒಂದು ಸುಳ್ಳನ್ನು ವರ್ಷಗಟ್ಟಲೆ ಸಾಕಿದ್ದೆ. ಅಂಗಡಿಯಿಂದ ಮೂರು ಸಾಮಾನು ತರಬೇಕಾದರೆ ಎರಡನ್ನು ಬೇಕೆಂದೇ ಮರೆತು ಬರುತ್ತಿದ್ದೆ. ಅಯ್ಯೋ ಸಾಸಿವೆ ಮರೆತೆ ಎಂದು ಹಣೆ ಚಚ್ಚಿಕೊಂಡು ಮತ್ತೆ ಹೊರಡುವುದು. ಬಂದವನೇ ಮೆಣಸು ಮರೆತೆ ಎಂದು ಇನ್ನೊಮ್ಮೆ ಓಡುವುದು. ನನ್ನ ಜ್ಞಾಪಕಶಕ್ತಿಗೆಂದು ನಮ್ಮಾಕೆ ಒಂದೆಲಗದ ಚಟ್ನಿ ಅರೆದಳು. ಪಾಪಭೀತಿಯಿಂದ ಅದನ್ನೂ ತಿಂದೆ.

ಇಷ್ಟಕ್ಕೆಲ್ಲ ಕಾರಣ ಕೊಸರು. ಮುಳಬಾಗಿಲಿನಲ್ಲಿ ನಮ್ಮ ಬೀದಿಯ ಕೊನೆಗೆ ನಾಗಮ್ಮನ ಚಿಲ್ಲರೆ ಅಂಗಡಿ. ಮೂರು ಕಾಸಿಗೆ ಇಂಗು ಕೇಳಿದರೂ ಮುಖ ಸಿಂಡರಿಸದೆ ಕಟ್ಟಿಕೊಡುವಾಕೆ. ಪೊಟ್ಟಣ ಕೊಟ್ಟ ಮೇಲೆ ಅಂಗೈಗೆ ಒಂದು ಚೂರು ಬೆಲ್ಲ ಹಾಕುತ್ತಿದ್ದಳು, ಅದೇ ಕೊಸರು. ಎಷ್ಟು ಕೊಂಡರೂ ಒಂದೇ ಚೂರು, ಆದರೆ ಎಷ್ಟು ಸಲ ಕೊಂಡರೆ ಅಷ್ಟು ಚೂರು. ಇದು ಹೊಳೆದ ದಿನ ನನಗೆ ನಿದ್ದೆ ಹತ್ತಲಿಲ್ಲ. ಕೊಸರು ಕನ್ನಡವೋ ತೆಲುಗೋ ಎಂದು ಪಂಡಿತರು ಜಗಳವಾಡಿಕೊಳ್ಳಲಿ. ನಮ್ಮ ಕಡೆ ಎರಡೂ ಮಾತಿನವರ ಬಾಯಲ್ಲಿ ಅದು ಒಂದೇ ರುಚಿಯಾಗಿ ಕರಗುತ್ತದೆ. ಬಲಿ ಚಕ್ರವರ್ತಿ ಕೊಟ್ಟದ್ದೂ ಮೂರು ಹೆಜ್ಜೆ ಅಳೆದೇ. ನಾಗಮ್ಮನ ಬೆಲ್ಲಕ್ಕೆ ಅಳತೆಯಿರಲಿಲ್ಲ.

ಅಷ್ಟರಲ್ಲಿ ಯುದ್ಧ ಬಂತು. ಬೆಲ್ಲ ಮಾಯವಾಯಿತು.

"ಕೊಸರು ಲೇದು ಮೇಷ್ಟ್ರೇ. ಬೆಲ್ಲಾನೇ ಬರ್ತಿಲ್ಲ, ಏನ್ ಮಾಡ್ಲಿ?" ಎಂದಳು ನಾಗಮ್ಮ.

ನಾನು ಆಸೆ ಬಿಡಲಿಲ್ಲ. ಇವತ್ತು ಬಂದಿರಬಹುದು ಎಂದು ಚಳಿಗಾಲವೆಲ್ಲ ದಿನಕ್ಕೆ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದೆ. ಈ ನಡುವೆ ಬಾಯಿ ಸುಮ್ಮನಿರದೆ, ಯುಗಾದಿಗೆ ನಮ್ಮಲ್ಲಿ ಒಬ್ಬಟ್ಟಿನ ಊಟ, ಬರಲೇಬೇಕು ಎಂದು ಹೆಡ್‌ಮೇಷ್ಟರನ್ನು ಕರೆದೂಬಿಟ್ಟಿದ್ದೆ. ಹಬ್ಬದ ಹಿಂದಿನ ದಿನ ನಮ್ಮಾಕೆ ಬೇಳೆ ಆರಿಸಿಟ್ಟು, "ಬೆಲ್ಲ ಇಲ್ದೆ ನಾಳೆ ಅವರ ಎಲೆಗೆ ಏನ್ ಬಡಿಸ್ಲಿ? ನಿಮ್ಮ ಮಾತ್ನಾ?" ಎಂದಳು. ಮಾನ ಹೋಗುವ ಹೊತ್ತು. ಪೇಟೆಯನ್ನೆಲ್ಲ ಸುತ್ತಿ, ಎಲ್ಲೂ ಸಿಗದೆ, ಕೊನೆಗೆ ನಾಗಮ್ಮನ ಮುಂದೆ ನಿಂತೆ.

ಅವಳು ಒಳಗಿನಿಂದ ಬಟ್ಟೆ ಕಟ್ಟಿದ ಜಾಡಿಯೊಂದನ್ನು ತಂದಿಟ್ಟಳು. ಜಾಡಿಯ ತುಂಬ ಬೆಲ್ಲದ ಚೂರುಗಳು.

"ತಗೊಳ್ಳಿ, ನಿಮ್ದೇ. ಮನೇಗೆ ಅಂತ ಇಟ್ಕೊಂಡಿದ್ದ ಬೆಲ್ಲದಲ್ಲಿ, ನೀವು ಬಂದಾಗೆಲ್ಲ ಒಂದೊಂದು ಚೂರು ಎತ್ತಿಟ್ಟೆ. ಕೈಗೇ ಕೊಟ್ಟಿದ್ರೆ ಬೀದಿ ದಾಟೋ ಮುಂಚೆ ನುಂಗಿಬಿಡ್ತಿದ್ರಿ. ಹಬ್ಬಕ್ಕೆ ಅಮ್ಮಾವ್ರು ಏನ್ ಮಾಡ್ಬೇಕು?"

ನನ್ನ ಕಳ್ಳಾಟ ಅವಳಿಗೆ ಮೊದಲಿಂದಲೂ ಗೊತ್ತಿತ್ತು. ನಾಚಿಕೆಪಡಲು ನನಗೆ ಪುರುಸೊತ್ತಿರಲಿಲ್ಲ. ಜಾಡಿಯನ್ನು ಎದೆಗವಚಿಕೊಂಡು, ಪಂಚೆ ಎತ್ತಿಕಟ್ಟಿ, ಹಾದಿಯಲ್ಲಿ ಕಂಡ ಶಿಷ್ಯರನ್ನೂ ಲೆಕ್ಕಿಸದೆ ಓಡಿದೆ. ಎಷ್ಟು ಸಂತೋಷ, ಎಷ್ಟು ಸಂಭ್ರಮ! ಹೊಸ್ತಿಲು ಮುಟ್ಟಿದ ಮೇಲೇ ನೆನಪಾದದ್ದು: ಇಷ್ಟು ಬೆಲ್ಲ ಎಲ್ಲಿಂದ ಬಂತೆಂದು ಹೇಳಬೇಕಲ್ಲ. ಎಲ್ಲವನ್ನೂ ಒಪ್ಪಿಕೊಂಡೆ. ನಮ್ಮಾಕೆ ಜಾಡಿಯನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿ ಒಳಗೆ ಹೋದಳು.

ಮರುದಿನ ಹೆಡ್‌ಮೇಷ್ಟರು ನಾಲ್ಕು ಒಬ್ಬಟ್ಟು ತಿಂದು ಹರಸಿದರು. ನನ್ನ ಎಲೆಗೆ ಬಿದ್ದದ್ದು ಎರಡೇ. ಏಳಬೇಕು ಎನ್ನುವಾಗ ನಮ್ಮಾಕೆ ಬಂದು, ಒಂದು ಮುರುಕು ಒಬ್ಬಟ್ಟನ್ನು ಎಲೆಯ ಮೇಲಿಟ್ಟಳು.

"ಇದು ಕೊಸರು. ಇನ್ಮೇಲೆ ಹೋದಾಗ ನನಗೂ ಒಂದು ಚೂರು ತನ್ನಿ."

ಅಷ್ಟು ವರ್ಷಗಳಲ್ಲಿ ನಾನು ನಿಜವಾಗಿ ಮರೆತದ್ದು ಅದೊಂದನ್ನೇ.