ನಿಮ್ಮ ಮಮ್ಮಿ ನಿಮ್ಮನ್ನು ನನ್ನ ಕೈಗೆ ಕೊಟ್ಟ ವರ್ಷ

ಮುನ್ನಿ, ಛೋಟು,

ನಾಲ್ಕು ಜನರ ಮುಂದೆ ಬಾಯಿ ಬಿಡುವ ಧೈರ್ಯ ನನಗೆ ಮೊದಲಿನಿಂದಲೂ ಇಲ್ಲ. ಕಲಿತದ್ದು ಹಲಬರ್ಗಾದ ಸಾಲಿಯಲ್ಲಿ, ಬರವಣಿಗೆಯೂ ಅಷ್ಟಕ್ಕಷ್ಟೇ. ಆದರೆ ಮೊನ್ನೆ ಮದುವೆಮನೆಯಲ್ಲಿ ಯಾರೋ ಮುನ್ನಿಗೆ, "ನಿಮ್ಮವ್ವ ನಿಮ್ಮನ್ನ ಅಜ್ಜಿ ಕಡಿ ಒಗದು ಡ್ಯೂಟಿಗೆ ಹೋಗಿದ್ಲು" ಎಂದರಂತೆ. ಮುನ್ನಿ ಅರ್ಧ ಊಟಕ್ಕೇ ಎದ್ದುಬಂದಳು. ಹಾಗೆ ಎಸೆದು ಹೋದದ್ದಲ್ಲ, ಮಕ್ಕಳೇ. ನಿಮ್ಮ ಮಮ್ಮಿಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಛೋಟು ಹುಟ್ಟಿದ ವರ್ಷ ಮಳೆ ಮತ್ತೆ ಕೈಕೊಟ್ಟಿತ್ತು. ನಮ್ಮ ಕಡೆಯ ಜನ ಗಂಟುಮೂಟೆ ಕಟ್ಟಿ ಹೈದರಾಬಾದಿಗೆ ಹೋದರು. ಭಾನುವಾರ ಚರ್ಚಿನಲ್ಲಿ ಅರ್ಧ ಚಾಪೆ ಖಾಲಿ ಇರುತ್ತಿತ್ತು. ನಿಮ್ಮ ಪಪ್ಪನೂ ಬೀದರಿನಲ್ಲಿ ಕೆಲಸ ನಿಂತು ಪುಣೆಗೆ ಹೋದ. ಮಮ್ಮಿ ಔರಾದಿನ ದವಾಖಾನೆಯಲ್ಲಿ ನರ್ಸು, ಮನೆ ಬೀದರಿನ ನೌಬಾದಿನಲ್ಲಿ, ದಿನಾ ಬಸ್ಸಿನ ಓಡಾಟ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಹಲಬರ್ಗಾದಲ್ಲಿ ಒಬ್ಬಳೇ ಇದ್ದೆ. ಬಾಣಂತನಕ್ಕೆಂದು ನೌಬಾದಿಗೆ ಬಂದವಳು ಅವಳ ರಜೆ ಮುಗಿದರೂ ಅಲ್ಲೇ ಉಳಿದೆ.

ಕ್ರಿಸ್‌ಮಸ್ಸಿಗೆ ಚರ್ಚಿನ ಮಕ್ಕಳ ನಾಟಕದ ಹಿಂದಿನ ಪರದೆಗೆ ಚಿಕ್ಕಂದಿನಿಂದಲೂ, ಮೊದಲು ಊರಿನಲ್ಲಿ ಆಮೇಲೆ ನೌಬಾದಿನಲ್ಲಿ, ಚಿತ್ರ ಬರೆಯುತ್ತಿದ್ದವಳು ನಿಮ್ಮ ಮಮ್ಮಿ. ಅವಳ ಬೆತ್ಲೆಹೇಮಿನಲ್ಲಿ ಕೆಂಪು ಮಣ್ಣು, ಹುಣಸೆ ಮರ, ಕೋಟೆ ಗೋಡೆ. "ಒಂಟಿ ಎಲ್ಲಿ ಅವರಿ?" ಎಂದು ಪಾದ್ರಿ ಅಯ್ಯನವರು ಒಂಟೆ ಹುಡುಕುತ್ತ ಕೇಳಿದರೆ, "ಒಂಟಿ ನಾ ನೋಡಿಲ್ರಿ, ಎಮ್ಮಿ ನೋಡೀನಿ" ಎನ್ನುತ್ತಿದ್ದಳು. ಆ ವರ್ಷ ಹಳೆಯ ಬಿಳಿ ಚಾದರಗಳನ್ನು ಜೋಡಿಸಿ ಹೊಲಿದು, ಗೋಡೆಗೆ ಕಟ್ಟಿ, ಅದರ ಮುಂದೆ ಸುಮ್ಮನೆ ನಿಂತಳು. ಒಂದು ಗೆರೆ ಎಳೆಯಲಿಲ್ಲ. ಆಮೇಲೆ ಅದನ್ನು ಬಿಚ್ಚಿ, ಹರಿದು, ಛೋಟುಗೆ ಲಂಗೋಟಿ ಮಾಡಿದಳು. ಒಗೆಯಲು ನೀರಿಲ್ಲ, ಬಟ್ಟೆ ಹೆಚ್ಚು ಬೇಕು, ಒಳ್ಳೆಯದೇ ಆಯಿತು ಎಂದುಕೊಂಡೆ.

ಅವಳು ಮಂಕಾಗಿದ್ದಾಳೆಂದು ಚರ್ಚಿನ ಹೆಣ್ಣುಮಕ್ಕಳಿಗೆ ತಿಳಿಯಿತು. ಯಾರ ಮನೆಗೆ ಕಷ್ಟ ಬಂದಿದೆಯೋ ಅವರ ಮನೆಯಲ್ಲಿ, ಕಷ್ಟ ತೀರುವವರೆಗೆ, ಸಂಜೆ ಪ್ರಾರ್ಥನೆ ಕೂಡುವುದು ನಮ್ಮವರ ಪದ್ಧತಿ. ಕೂಡಿದವರಿಗೆ ಚಹಾ ಕೊಡುವುದು ಮನೆಯವರ ಪದ್ಧತಿ. ಔರಾದಿನ ಬಸ್ಸಿನಿಂದ ಇಳಿದು ಬಂದವಳು ಛೋಟುಗೆ ಹಾಲು ಕುಡಿಸಿ, ಮುನ್ನಿಯ ಮುಖ ತೊಳೆದು, ಮನೆ ತುಂಬ ಕೂತವರಿಗೆ ಚಹಾ ಕುದಿಸುತ್ತಿದ್ದಳು. ನಾನು ಮಾಡುತ್ತೇನೆಂದರೂ ಬಿಡುತ್ತಿರಲಿಲ್ಲ.

"ಸಿಸ್ಟರ್, ಸಕ್ಕರಿ ಕಡಿಮಿ ಆಗ್ಯಾದ ನೋಡ್ರಿ. ನಿಮ್ಮ ದವಾಖಾನಿ ಔಷಧ ಕುಡದಂಗಾಯ್ತು!"

"ಏ ಸುಮ್ಕಿರ್ರಿ, ಪಾಪ. ಏನ್ ಸಮಾಧಾನ ಅದ ನಮ್ಮ ಸಿಸ್ಟರಿಗೆ! ಒಂದ್ ಮಾತಾಡಲ್ಲ."

ಅವರು ಕೆಟ್ಟವರಲ್ಲ. ಪ್ರೀತಿಯಿಂದಲೇ ಬರುತ್ತಿದ್ದರು. ಅವಳ ಮೌನವನ್ನು ಎಲ್ಲರೂ ಭಕ್ತಿ ಎಂದುಕೊಂಡೆವು.

ಒಂದು ಸಂಜೆ ಟ್ಯಾಂಕರ್ ಬಂದು ಅಂಗಳದ ನೀರಿನ ಟಾಕಿ ಅಂಚಿನವರೆಗೆ ತುಂಬಿತ್ತು. ಹೊರಗೆ ಒಬ್ಬರು ಆ ನೀರಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತಿದ್ದರು. ಮಮ್ಮಿ ನನ್ನನ್ನು ಅಡುಗೆಮನೆಗೆ ಕರೆದಳು. ಒಲೆಯ ಮೇಲೆ ಚಹಾ ಉಕ್ಕಿ ಹರಿಯುತ್ತಿತ್ತು. ಅವಳು ಅದನ್ನು ನೋಡುತ್ತಲೇ ಇರಲಿಲ್ಲ.

"ಅವ್ವಾ, ಕೂಸನ್ನ ನನ್ನ ಕೈಯಾಗ ಕೊಡಬ್ಯಾಡ."

"ಯಾಕ, ಕೈ ಸುಟ್ಕೊಂಡಿಯೇನು?"

"ಇವನ್ನ ಟಾಕಿಯಾಗ ಬಿಟ್ರ ಅಳೋದು ನಿಲ್ತದ ಅಂತ ಅನಸ್ತದ. ನಾ ನರ್ಸ್ ಇದ್ದೀನಿ, ಇದು ಏನಂತ ನನಗ ಗೊತ್ತದ. ಆದ್ರೂ ಅನಸ್ತದ, ಅವ್ವಾ."

ಒಲೆ ಆರಿಸಿದೆ. ಛೋಟುವನ್ನು ಬಗಲಲ್ಲಿ ಹೊತ್ತು ಹೊರಗೆ ಬಂದೆ. ಆ ಕೂಟದಲ್ಲಿ ನಾನು ಆಮೆನ್ ಬಿಟ್ಟು ಬೇರೆ ಮಾತು ಆಡಿದವಳಲ್ಲ.

"ಚಾ ಆಗಂಗಿಲ್ರಿ. ನಾಳಿಂದ ಬರಬ್ಯಾಡ್ರಿ."

ಎಲ್ಲರಿಗಿಂತ ಹಿರಿಯಾಕೆ ಕಣ್ಣು ತೆರೆದರು. "ಪ್ರಾರ್ಥನಿ ಬ್ಯಾಡ ಅಂತೀರೇನ್ರಿ?"

"ನಿಮ್ಮ ನಿಮ್ಮ ಮನ್ಯಾಗ ಮಾಡ್ರಿ. ನನ್ನ ಮಗಳಿಗೆ ನಿದ್ದಿ ಬೇಕಾಗ್ಯಾದ."

"ಸೈತಾನ ಹೊಸ್ತಿಲಾಗೇ ಕುಂತಾನ" ಎನ್ನುತ್ತ ಒಬ್ಬಾಕೆ ಚಪ್ಪಲಿ ಹಾಕಿಕೊಂಡರು. ಅವರೆಲ್ಲ ಹೋದ ಮೇಲೆ ಟಾಕಿಯ ಮುಚ್ಚಳಕ್ಕೆ ಬೀಗ ಜಡಿದೆ.

ಮರುದಿನ ಬೀದರಿನಲ್ಲೇ ಮನಸ್ಸಿನ ಡಾಕ್ಟರಿಗೆ ತೋರಿಸಿದೆವು. ಇದು ಪಾಪವಲ್ಲ, ಬಾಣಂತಿಯರಿಗೆ ಬರುವ ಕಾಯಿಲೆ ಎಂದರು. ಗುಳಿಗೆ ಬರೆದುಕೊಟ್ಟರು, ಎದೆಹಾಲು ಬಿಡಿಸಿದರು. ಮುಂದಿನದನ್ನು ತೀರ್ಮಾನಿಸಿದವಳು ನಿಮ್ಮ ಮಮ್ಮಿಯೇ.

"ಇಬ್ಬರನ್ನೂ ಹಲಬರ್ಗಾಕ್ಕ ಕರ್ಕೊಂಡು ಹೋಗು. ನಾ ಡ್ಯೂಟಿ ಬಿಟ್ಟು ಕುಂತ್ರ ಪೂರಾ ಹುಚ್ಚಿ ಆಗ್ತೀನಿ."

ಅವಳ ಜೊತೆಯ ನರ್ಸೊಬ್ಬಳು ನೌಬಾದಿನ ಮನೆಗೆ ಬಂದು ಇದ್ದಳು. ರಜೆ ಸಿಕ್ಕಾಗಲೆಲ್ಲ ಮಮ್ಮಿ ಊರಿಗೆ ಬರುತ್ತಿದ್ದಳು. ಛೋಟು ಬಾಟಲಿ ಹಾಲು ಕುಡಿಯುವುದನ್ನು ದೂರ ಕೂತು ನೋಡುತ್ತಿದ್ದಳು, ಮುಟ್ಟುತ್ತಿರಲಿಲ್ಲ. ಒಮ್ಮೆ ಮುನ್ನಿ ಅವಳನ್ನು ಕಂಡು ನನ್ನ ಸೆರಗಿನ ಹಿಂದೆ ಅಡಗಿದಳು. "ಗುರ್ತೇ ಹಿಡಿವಲ್ಲಳು ನೋಡು" ಎಂದು ಮಮ್ಮಿ ನಕ್ಕು ಹಿತ್ತಲಿಗೆ ಹೋದಳು. ಬಹಳ ಹೊತ್ತು ಒಳಗೆ ಬರಲಿಲ್ಲ.

ಮುಂದಿನ ಮಳೆಗಾಲದಲ್ಲಿ ನಿಮ್ಮನ್ನು ವಾಪಸು ಕರೆದೊಯ್ಯಲು ಬಂದಳು. ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ನೂಕಾಟ. ನನ್ನ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮುನ್ನಿ, ಬಗಲಲ್ಲಿ ಛೋಟು. "ಕೊಡು ಇಲ್ಲಿ" ಎಂದು ಛೋಟುವಿನ ಕಡೆ ಕೈಚಾಚಿದಳು. ಕೊಟ್ಟೆ. ಬೀದರ್ ಬರುವವರೆಗೆ ಅವಳ ಕೈಯನ್ನೇ ನೋಡುತ್ತ ಕೂತೆ.

ಎಲ್ಲ ಸರಿಹೋಯಿತೆಂದು ಬರೆಯಲಾರೆ. ಗುಳಿಗೆ ಇನ್ನೂ ಒಮ್ಮೊಮ್ಮೆ ಬೇಕಾಗುತ್ತದೆ. ಅವಳು ಮತ್ತೆ ಬಣ್ಣ ಮುಟ್ಟಲೇ ಇಲ್ಲ. ಚರ್ಚಿನವರು ಈಗ ನಾಟಕಕ್ಕೆ ಫ್ಲೆಕ್ಸ್ ಹಾಕುತ್ತಾರೆ. ಆ ಹಿರಿಯಾಕೆ ಸಾಯುವವರೆಗೂ ನನ್ನೊಡನೆ ಮಾತಾಡಲಿಲ್ಲ.

ಮುನ್ನಿ, ನಾಳೆ ನಿನಗೂ ಕೂಸಾಗಬಹುದು. ಛೋಟು, ನಿನ್ನ ಮನೆಯಲ್ಲೂ ಒಬ್ಬಳು ಬಾಣಂತಿ ಮಲಗಬಹುದು. ಅವಳು ಇಂಥ ಮಾತು ಆಡಿದರೆ ಬೈಯಬೇಡಿ, ಕೂಸನ್ನು ಎತ್ತಿಕೊಂಡು ಅವಳ ಹತ್ತಿರವೇ ಇರಿ, ಡಾಕ್ಟರಿಗೆ ತೋರಿಸಿ. ಆಗ ನಾನು ಇರುವುದಿಲ್ಲ. ಅದಕ್ಕೇ ಕೇಳುತ್ತೇನೆ, ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ಗೆದ್ದಲು ಹತ್ತದ ಕಡೆ, ಹುಡುಕಿದರೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.