ಹುಳ ಹಣ್ಣಾಗುವ ತನಕ

ಮೊನ್ನೆ ಮನೆಯ ಮಗುವಿನ ಮೊಣಕಾಲು ತರಚಿತು. ಟಿಂಚರ್ ಹಚ್ಚಲು ಬಿರಡೆ ತೆಗೆದೆ. ಆ ವಾಸನೆಗೆ ಕೈ ಹಾಗೇ ನಿಂತಿತು...

ಐವತ್ತರ ದಶಕದ ಕೊನೆ. ಜಂಗಮಕೋಟೆಯ ಆಚೆಗಿನ ಒಂದು ಹಳ್ಳಿಗೆ ಟೀಚರಾಗಿ ಹೋಗಿದ್ದೆ. ಬಾಡಿಗೆಗಿದ್ದ ಕೋಣೆ ರೇಷ್ಮೆ ಹುಳ ಸಾಕುವ ಮನೆಯದು. ಮನೆಯಾಕೆಯನ್ನು ಅಕ್ಕ ಎನ್ನುತ್ತಿದ್ದೆ. ಗಂಡ ತೀರಿಕೊಂಡಿದ್ದರು, ಜೊತೆಗಿದ್ದವರು ಕಣ್ಣು ಕಾಣದ ಅತ್ತೆಯೊಬ್ಬರೇ.

ನಾನು ಐದಕ್ಕೆ ಏಳುವವಳು. ಅಷ್ಟರಲ್ಲಿ ಅಕ್ಕ ಹುಳಕ್ಕೆ ಒಂದು ಸಲ ಸೊಪ್ಪು ಹಾಕಿ ಮುಗಿಸಿರುತ್ತಿದ್ದರು. “ನೀವು ಗಂಟೆ ಹೊಡೆದ್ರೆ ನಿಮ್ಮ ಮಕ್ಕಳು ಬಾಯಿ ಮುಚ್ಕೊಳ್ತವೆ ಟೀಚರಮ್ಮ. ನನ್ನ ಮಕ್ಕಳು ತಟ್ಟೆ ಖಾಲಿಯಾದ್ರೆ ತಲೆ ಎತ್ಕೊಂಡು ನನ್ನೇ ನೋಡ್ತವೆ,” ಎಂದು ನಗುತ್ತಿದ್ದರು.

ಒಂದು ಶುಕ್ರವಾರ ಸೊಪ್ಪು ಕತ್ತರಿಸುವಾಗ ಕತ್ತಿ ಜಾರಿ ಅಕ್ಕನ ಬಲಗೈ ಹೆಬ್ಬೆರಳು ಆಳಕ್ಕೆ ಕುಯ್ದುಹೋಯಿತು. ಹುಳ ಆಗಷ್ಟೇ ಕೊನೆಯ ಹಂತಕ್ಕೆ ಬಂದಿದ್ದವು; ಹಣ್ಣಾಗಿ ಗೂಡು ಕಟ್ಟುವ ತನಕ ಬಿಡುವಿಲ್ಲದೆ ತಿನ್ನುತ್ತವೆ. ನಾನು ಶಾಲೆಯ ಟಿಂಚರ್ ತಂದೆ. ಅಕ್ಕ ಹಿಂದೆ ಸರಿದರು.

“ಬೇಡ ಟೀಚರಮ್ಮ, ಆ ವಾಸನೆ ಹುಳಕ್ಕೆ ಆಗಲ್ಲ.”

ನಿಜ, ಆ ದಿನಗಳಲ್ಲಿ ಆ ಮನೆಯಲ್ಲಿ ಒಗ್ಗರಣೆಯನ್ನೂ ಹಾಕುತ್ತಿರಲಿಲ್ಲ. ನಿಯಮ ಎಂದರೆ ನಿಯಮ, ಬಿರಡೆ ಮುಚ್ಚಿದೆ. “ಬುಧವಾರ ಡಾಕ್ಟರಿಗೆ ತೋರ್ಸೋಣ,” ಎಂದೆ.

ನಮ್ಮೂರಿಗೆ ಡಾಕ್ಟರು ಇದ್ದದ್ದೇ ಬುಧವಾರ. ಪೇಟೆಯಲ್ಲಿದ್ದ ಒಬ್ಬರೇ ಸುತ್ತಲಿನ ಊರುಗಳಿಗೆಲ್ಲ ವಾರಕ್ಕೊಂದು ದಿನದಂತೆ ಬರುತ್ತಿದ್ದರು. ಜನ ಕಾಯಿಲೆಯನ್ನು ಅಲ್ಲಿಯವರೆಗೆ ಹೇಗೋ ತಡೆದಿಟ್ಟುಕೊಳ್ಳುತ್ತಿದ್ದರು. ಆ ಬುಧವಾರ ಎರಡು ಹೊತ್ತಿನ ಸೊಪ್ಪಿನ ನಡುವೆ ಅಕ್ಕ ದವಾಖಾನೆಗೆ ಓಡಿದರು. ಡಾಕ್ಟರು ಬಂದಿರಲಿಲ್ಲ. ಕೈ ಆಗಲೇ ಮೊಣಕೈವರೆಗೆ ಊದಿತ್ತು. ಶಿಡ್ಲಘಟ್ಟದ ಆಸ್ಪತ್ರೆಗೆ ಹೋಗಿಬಿಡಿ ಎಂದರು ಅಲ್ಲಿದ್ದ ಕಾಂಪೌಂಡರು. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೇ ಬರಬೇಕು.

“ಅಷ್ಟೊತ್ತು ಇವನ್ನ ಯಾರು ನೋಡ್ಕೋತಾರೆ? ಅತ್ತೆನಾ?” ಎಂದು ಅಕ್ಕ ಮತ್ತೆ ಕತ್ತಿ ಹಿಡಿದರು, ಎಡಗೈಯಲ್ಲಿ.

ಶನಿವಾರ, ಹಣ್ಣಾದ ಹುಳವನ್ನೆಲ್ಲ ಒಂದೇ ಕೈಯಲ್ಲಿ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟು, ಅಕ್ಕ ಬಸ್ಸು ಹತ್ತಿದರು. ಶಿಡ್ಲಘಟ್ಟದಿಂದ ಬೆಂಗಳೂರಿಗೆ ಕಳಿಸಿದರಂತೆ... ನಂಜು ಮೈಗೆಲ್ಲ ಏರಿತ್ತು. ಅಕ್ಕ ವಾಪಸು ಬರಲಿಲ್ಲ. ಗೂಡು ಮಾತ್ರ ಚೆನ್ನಾಗಿ ಬಂದಿತ್ತು. ಬಿಡಿಸುವಾಗ ಅತ್ತೆ ಒಂದೊಂದನ್ನೂ ಬೆರಳಲ್ಲಿ ತಡವಿ ನೋಡುತ್ತಿದ್ದರು.

ಆ ಡಾಕ್ಟರನ್ನು ಬೈದುಕೊಂಡು ಎಷ್ಟೋ ವರ್ಷ ಕಳೆದೆ. ಅವರಿಗೂ ಇದ್ದದ್ದು ಎರಡೇ ಕಾಲು. ಈ ವಯಸ್ಸಿನಲ್ಲಿ ಬೇರೆಯೇ ಲೆಕ್ಕ ಕಾಡುತ್ತದೆ... ಸೊಪ್ಪು ಹಾಕುವುದು ನನಗೂ ಬರುತ್ತಿತ್ತು. ನಾನು ಮನೆಯಲ್ಲಿ ನಿಂತಿದ್ದರೆ ಅಕ್ಕ ಬುಧವಾರಕ್ಕೆ ಕಾಯದೆ ಸೋಮವಾರವೇ ಬಸ್ಸು ಹತ್ತುತ್ತಿದ್ದರು. ಆ ವರ್ಷ ನಾನು ಒಂದು ದಿನವೂ ರಜೆ ಹಾಕಲಿಲ್ಲ.